ಊರಿನ ನ್ಯಾಯ, ಬಡವರ ಅನ್ನ



ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೊರಟರೆ ದಾರಿಯಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. 2018ರಿಂದ ಈ ಊರು ತಾಲ್ಲೂಕು ಕೇಂದ್ರ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಇಲ್ಲಿ ಬಾಳೆಗೊನೆಗಳು ಕಾಣುತ್ತವೆ. ನನಗಾದರೋ ಈ ಊರಿನ ಹೆಸರು ಕೇಳಿದೊಡನೆ ನೆನಪಾಗುವುದು ಒಂದು ಬಿಳಿ ಹಾಳೆ, ಅದರ ಮೂಲೆಯಲ್ಲಿ ಒತ್ತಿದ ನೇರಳೆ ಬಣ್ಣದ ಒಂದು ಸಿಕ್ಕಾ.

ನಾನು ಆಗ ಕಲಬುರಗಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನನ್ನ ಆಯಿ, ಎಂದರೆ ತಂದೆಯ ತಾಯಿ, ಕಮಲಾಪುರದ ಹತ್ತಿರದ ಹಳ್ಳಿಯಲ್ಲಿದ್ದಳು. 1972ರ ಬರಗಾಲದಲ್ಲಿ ರಸ್ತೆ ಕಾಮಗಾರಿಗೆ ಕಲ್ಲು ಒಡೆದ ಕೈಗಳು ಅವಳವು. ಮುಪ್ಪಿನಲ್ಲಿ ಸರ್ಕಾರದ ವೃದ್ಧಾಪ್ಯ ವೇತನ ಮನಿ ಆರ್ಡರಿನ ಮೂಲಕ ಅವಳಿಗೆ ಬರುತ್ತಿತ್ತು. ಹಳ್ಳಿಯವರ ಬಾಯಲ್ಲಿ ಅದು ‘ಮುದುಕರ ಪಗಾರ’. ಮೊತ್ತ ಸಣ್ಣದು. ಆದರೂ ಚಹಾಪುಡಿಗೆ, ಎಲೆಯಡಿಕೆಗೆ, ಕೆಮ್ಮಿನ ಔಷಧಕ್ಕೆ ಮಕ್ಕಳ ಮುಂದೆ ಕೈಯೊಡ್ಡದಂತೆ ಅವಳನ್ನು ಕಾಯ್ದದ್ದು ಆ ಸಣ್ಣ ಮೊತ್ತವೇ.

ಒಂದು ವರ್ಷ ಮಳೆ ಕೈಕೊಟ್ಟಿತು. ನನ್ನ ಕಾಕಾ ಕಟ್ಟಡದ ಕೆಲಸ ಹುಡುಕಿಕೊಂಡು ಪುಣೆಗೆ ಹೋದರು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಆಯಿಯೂ ಜೊತೆಗೆ ಹೋದಳು. ಆರು ತಿಂಗಳ ಮೇಲೆ ತಿರುಗಿ ಬಂದಾಗ ಪಗಾರ ನಿಂತುಹೋಗಿತ್ತು. ಕಚೇರಿಯೊಂದಕ್ಕೆ ಹೋಗಿ ಕೇಳಿದಳು. “ಆಯೀ, ನೀ ಊರು ಬಿಟ್ಟು ಹೋಗೀದಿ ಅಂತ ಬರದದ. ನಾಳೆ ಬಾ” ಎಂದರು. ಆ ‘ನಾಳೆ’ ಐದು ಸಲ ಬಂದುಹೋಯಿತು. ಪ್ರತಿ ಸಲವೂ ಬಸ್ಸಿನ ಟಿಕೀಟಿನ ಹಣ ಹೋಯಿತು, ಒಂದು ದಿನ ಹೋಯಿತು, ಒಂದಿಷ್ಟು ಮರ್ಯಾದೆಯೂ ಹೋಯಿತು.

ಕೊನೆಗೆ ಊರಿನ ಶಾಲೆಯ ನಿವೃತ್ತ ಮಾಸ್ತರರೊಬ್ಬರು ನನ್ನನ್ನು ಕರೆದು ಹೇಳಿದರು: “ಬಾಯಿಲೆ ಹೇಳಿದ್ದಕ್ಕ ಲೆಕ್ಕ ಇಲ್ಲ ತಮ್ಮಾ. ಅರ್ಜಿ ಎರಡು ಪ್ರತಿ ಬರಿ. ಒಂದು ಅವರಿಗೆ ಕೊಡು, ಇನ್ನೊಂದಕ್ಕ ಸಿಕ್ಕಾ ಹಾಕಿಸ್ಕೊಂಡು ಬಾ.” ಹಾಗೆಯೇ ಮಾಡಿದೆ. ಸಿಕ್ಕಾ ಬಿದ್ದ ಪ್ರತಿಯ ನಕಲನ್ನು ಮೇಲಿನ ಕಚೇರಿಗೂ ಕಳಿಸಿದೆ. ನಾಲ್ಕು ತಿಂಗಳಿಗೆ ಪಗಾರ ಮತ್ತೆ ಬಂತು. ತಪ್ಪಿಹೋದ ತಿಂಗಳುಗಳದ್ದು ಮಾತ್ರ ಕೊನೆಗೂ ಬರಲಿಲ್ಲ.

ಅಂದು ಹಣ ಎಣಿಸಿ ಸೀರೆಯ ಸೆರಗಿಗೆ ಗಂಟು ಹಾಕುತ್ತ ಆಯಿ ಕೇಳಿದಳು: “ಯಪ್ಪಾ, ಇದು ಅವರು ಪುಣ್ಯಾಕ್ಕ ಕೊಡ್ತಾರೋ, ನಂದೇ ಅದನೋ?”

ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಕಾನೂನು ಓದಿದವನಲ್ಲ, ಇತಿಹಾಸ ಓದಿದವನೂ ಅಲ್ಲ. ದೂರದರ್ಶನದ ಕಾರ್ಯಕ್ರಮಗಳ ನೆಪದಲ್ಲಿ ಊರೂರು ಸುತ್ತಿ, ಆಮೇಲೆ ಹಳೆಯ ಪುಸ್ತಕಗಳನ್ನು ತಿರುವಿ, ಆ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ದಾಸೋಹದ ನಾಡು

ಬಡವರಿಗೆ ಅನ್ನ ನೀಡುವ ವಿಚಾರದಲ್ಲಿ ನಮ್ಮ ಭಾಗ ಯಾರಿಗೂ ಕಡಿಮೆಯದಲ್ಲ. ಕಮಲಾಪುರ ದಾಟಿ, ಹುಮನಾಬಾದ್ ದಾಟಿ ಮುಂದೆ ಹೋದರೆ ಬಸವಕಲ್ಯಾಣ. ದುಡಿದು ಉಣ್ಣುವುದು ಕಾಯಕ, ದುಡಿದದ್ದನ್ನು ಹಂಚುವುದು ದಾಸೋಹ ಎಂಬ ಎರಡು ಮಾತುಗಳನ್ನು ಹನ್ನೆರಡನೆಯ ಶತಮಾನದಲ್ಲಿ ಶರಣರು ಅಲ್ಲಿಂದ ನಾಡಿಗೆಲ್ಲ ಕೊಟ್ಟರು.

ಬಹಮನಿ ಸುಲ್ತಾನ ಎರಡನೆಯ ಮುಹಮ್ಮದ್ ಷಾನ ಕಾಲದಲ್ಲಿ (1378–1397) ಕಲಬುರಗಿ ರಾಜಧಾನಿಯಾಗಿತ್ತು. ಆಗ ಬರ ಬಿದ್ದಾಗ ಮಾಳವ ಮತ್ತು ಗುಜರಾತಿನಿಂದ ಧಾನ್ಯ ತರಲು ಸುಲ್ತಾನ ಹತ್ತು ಸಾವಿರ ಎತ್ತುಗಳನ್ನು ತೊಡಗಿಸಿದನೆಂದೂ, ಆ ಧಾನ್ಯವನ್ನು ಅಗ್ಗದ ದರಕ್ಕೆ ಮಾರಿಸಿದನೆಂದೂ, ಅನಾಥ ಮಕ್ಕಳಿಗಾಗಿ ಶಾಲೆಗಳನ್ನು ತೆರೆಸಿದನೆಂದೂ ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ. ಆಮೇಲೆ ಈ ನಗರಕ್ಕೆ ಬಂದು 1422ರಲ್ಲಿ ಇಲ್ಲಿಯೇ ದೇಹವಿಟ್ಟ ಸೂಫಿ ಸಂತ ಖ್ವಾಜಾ ಬಂದೇನವಾಜ್ ಅವರ ದರ್ಗಾ ಎಲ್ಲ ಮತದವರೂ ಬರುವ ನೆಲೆಯಾಯಿತು.

ಇನ್ನು ಹದಿನೆಂಟನೆಯ ಶತಮಾನಕ್ಕೆ ಬನ್ನಿ. ಅರಳಗುಂಡಗಿಯಿಂದ ಬಂದು ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರ ಕಾಲ 1746ರಿಂದ 1822. ಹೊಲಕ್ಕೆ ಬಂದ ಹಕ್ಕಿಯನ್ನೂ ಅಟ್ಟದೆ, ತಿಂದು ತಣಿಯಲಿ ಎಂದು ಅವರು ನೀರಿಟ್ಟರೆಂಬ ಕಥೆಯನ್ನು ನಮ್ಮ ಭಾಗದ ಮಕ್ಕಳು ಅಜ್ಜಿಯರ ತೊಡೆಯ ಮೇಲೆಯೇ ಕೇಳುತ್ತಾರೆ. ಅವರ ದಾಸೋಹದಲ್ಲಿ ಬಂದವರ ಜಾತಿ ಕೇಳುವವರಿಲ್ಲ, ಊರು ಕೇಳುವವರಿಲ್ಲ. ಹಸಿದಿದ್ದೀಯಾ, ಕೂಡು, ಉಣ್ಣು. ಎರಡು ಶತಮಾನ ಕಳೆದರೂ ಕಲಬುರಗಿಯ ಅವರ ಗುಡಿಯಲ್ಲಿ ದಾಸೋಹ ನಡೆದೇ ಇದೆ.

ಇದು ದೊಡ್ಡ ಸಂಪ್ರದಾಯ. ಆದರೆ ಇದರಲ್ಲಿ ಒಂದು ಕೊರತೆಯೂ ಇದೆ. ಸುಲ್ತಾನನ ಎತ್ತುಗಳು ಬರದೇ ಹೋದರೆ? ಮುಂದಿನ ಸುಲ್ತಾನನಿಗೆ ಅಷ್ಟು ಕನಿಕರವಿಲ್ಲದಿದ್ದರೆ? ದಾಸೋಹದ ಮನೆಯಿಂದ ಹತ್ತು ಹರದಾರಿ ದೂರದ ಹಳ್ಳಿಯಲ್ಲಿ ಮುದುಕಿಯೊಬ್ಬಳು ಹಸಿದು ಮಲಗಿದರೆ, ಅವಳು ಯಾರನ್ನು ಕೇಳಬೇಕು? ದಾನ ಕೊಡುವವನನ್ನು ಹೊಗಳಬಹುದು, ಹರಸಬಹುದು. ‘ಏಕೆ ಕೊಡಲಿಲ್ಲ?’ ಎಂದು ಕೇಳಲು ಬರುವುದಿಲ್ಲ.

ಆ ಕಾಲದ ಹಳ್ಳಿಗಳಲ್ಲಿ ನ್ಯಾಯ ಹೇಳುವವರು ಇರಲಿಲ್ಲವೇ? ಇದ್ದರು. ಗೌಡ ಅಥವಾ ಪಾಟೀಲ, ಕುಲಕರ್ಣಿ, ಮೇಲೆ ದೇಸಾಯಿ, ದೇಶಮುಖ. ವತನಿನ ಜಗಳ, ಹೊಲದ ಬಾಂದಿನ ಜಗಳ, ಸಾಲದ ತಕರಾರು ಬಂದಾಗ ಹಿರಿಯರ ಮಜಲಿಸು ಕೂಡಿ, ಸಾಕ್ಷಿಗಳನ್ನು ಕೇಳಿ, ತೀರ್ಮಾನವನ್ನು ‘ಮಹಜರು’ ಎಂಬ ಪತ್ರದಲ್ಲಿ ಬರೆಯುತ್ತಿತ್ತು. ಆ ಪದ ಇಂದಿಗೂ ನಮ್ಮ ಪೊಲೀಸ್ ಠಾಣೆ ಮತ್ತು ಕಂದಾಯ ಕಚೇರಿಗಳಲ್ಲಿ ಬಳಕೆಯಲ್ಲಿದೆ. ಆದರೆ ವತನು ಇದ್ದವನಿಗೆ ಮಹಜರು ಇತ್ತು. ವತನೂ ಇಲ್ಲದ, ಹೊಲವೂ ಇಲ್ಲದ ಮುದುಕಿಗೆ ಊರು ಇಷ್ಟು ಅನ್ನ ಕೊಡಲೇಬೇಕು ಎಂದು ಹೇಳುವ ಬರಹದ ಕಾನೂನು ಇರಲಿಲ್ಲ. ಅವಳ ಪಾಲಿಗೆ ನ್ಯಾಯದ ಮನೆ ಬೇರೆ, ಅನ್ನದ ಮನೆ ಬೇರೆ.

ಅದೇ ಕಾಲದ ಇನ್ನೊಂದು ಹಳ್ಳಿ

ಈ ಎರಡು ಮನೆಗಳನ್ನು ಒಂದೇ ಸೂರಿನಡಿ ತಂದ ಪ್ರಯೋಗವೊಂದು ಅದೇ ಕಾಲದಲ್ಲಿ ಬೇರೊಂದು ದೇಶದಲ್ಲಿ ನಡೆಯುತ್ತಿತ್ತು. ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರುವಂತೆ, ಒಂದು ವಸ್ತುವಿನ ಗುಣ ತಿಳಿಯಬೇಕಾದರೆ ಅದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಬೇಕು. ಅದಕ್ಕಾಗಿ ಸ್ವಲ್ಪ ಹೊತ್ತು ನನ್ನೊಡನೆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಒಂದು ಹಳ್ಳಿಗೆ ಬನ್ನಿ.

ಅಲ್ಲಿ ಎಲಿಜಬೆತ್ ರಾಣಿಯ ಕಾಲದಲ್ಲಿ, 1601ರಲ್ಲಿ, ಒಂದು ಕಾಯ್ದೆ ಆಗಿತ್ತು. ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಹಳ್ಳಿಗೆ ಪ್ಯಾರಿಷ್ ಎನ್ನುತ್ತಿದ್ದರು. ಪ್ರತಿ ಪ್ಯಾರಿಷ್ ತನ್ನ ಬಡವರನ್ನು ತಾನೇ ನೋಡಿಕೊಳ್ಳಬೇಕು ಎಂಬುದು ಆ ಕಾಯ್ದೆಯ ಸಾರ. ಅದಕ್ಕಾಗಿ ಊರಿನ ಅನುಕೂಲಸ್ಥರಲ್ಲಿ ಕೆಲವರನ್ನು ಒಂದು ವರ್ಷದ ಮಟ್ಟಿಗೆ ಬಡವರ ಮೇಲ್ವಿಚಾರಕರೆಂದು ನೇಮಿಸುತ್ತಿದ್ದರು. ಅವರಿಗೆ ಸಂಬಳವಿಲ್ಲ. ಜಮೀನು, ಮನೆ ಇದ್ದವರ ಮೇಲೆ ತೆರಿಗೆ ಹಾಕಿ ಹಣ ಕೂಡಿಸುವುದು, ಅದನ್ನು ಮುದುಕರಿಗೆ, ವಿಧವೆಯರಿಗೆ, ಅನಾಥರಿಗೆ, ರೋಗಿಗಳಿಗೆ ಹಂಚುವುದು ಅವರ ಕೆಲಸ. ಖರ್ಚನ್ನೆಲ್ಲ ಪುಸ್ತಕದಲ್ಲಿ ಬರೆಯಬೇಕು. ಒಬ್ಬಳಿಗೆ ಒಂದು ಜೊತೆ ಬೂಟು, ಇನ್ನೊಬ್ಬನಿಗೆ ಮನೆ ಬಾಡಿಗೆ, ಮತ್ತೊಬ್ಬನಿಗೆ ಶವಪೆಟ್ಟಿಗೆ. ಇಂಥ ಲೆಕ್ಕದ ಪುಸ್ತಕಗಳು ಅಲ್ಲಿನ ದಫ್ತರಖಾನೆಗಳಲ್ಲಿ ಇಂದಿಗೂ ಉಳಿದಿವೆ.

ಈಗ ಮುಖ್ಯವಾದ ಮಾತು. ಮೇಲ್ವಿಚಾರಕ ‘ಇಲ್ಲ, ಹೋಗು’ ಎಂದರೆ ಆ ಬಡವಿ ಏನು ಮಾಡಬೇಕು? ಅವಳಿಗೆ ಇನ್ನೊಂದು ಬಾಗಿಲಿತ್ತು. ಸುತ್ತಿನ ನ್ಯಾಯಾಧಿಕಾರಿಯ ಬಳಿಗೆ ಹೋಗಿ ಪ್ರಮಾಣ ಮಾಡಿ ದೂರಬಹುದಿತ್ತು. 1723ರ ಕಾಯ್ದೆಯ ಪ್ರಕಾರ ಅವಳು ಮೊದಲು ಮೇಲ್ವಿಚಾರಕನನ್ನು ಕೇಳಿರಬೇಕು. ಕೊಡಲಿಲ್ಲವೆಂದರೆ ನ್ಯಾಯಾಧಿಕಾರಿ ಅವನನ್ನು ಕರೆಸಿ, ‘ಏಕೆ ಕೊಡಲಿಲ್ಲ, ಕಾರಣ ಹೇಳು’ ಎಂದು ಕೇಳುತ್ತಿದ್ದ. ಕಾರಣ ಸರಿಯಿಲ್ಲದಿದ್ದರೆ ಕೊಡುವಂತೆ ಆಜ್ಞೆ ಮಾಡುತ್ತಿದ್ದ. ಅಲ್ಲಿಯೂ ಬಗೆಹರಿಯದ ವ್ಯಾಜ್ಯಗಳು ವರ್ಷಕ್ಕೆ ನಾಲ್ಕು ಸಲ ಕೂಡುವ ‘ಕ್ವಾರ್ಟರ್ ಸೆಷನ್ಸ್’ ಎಂಬ ಜಿಲ್ಲಾ ನ್ಯಾಯಸಭೆಯ ಮುಂದೆ ಬರುತ್ತಿದ್ದವು. ಸೇತುವೆಯ ದುರಸ್ತಿ, ಹೆಂಡದಂಗಡಿಯ ಪರವಾನಗಿ, ಸಣ್ಣಪುಟ್ಟ ಕಳವು, ಇವೆಲ್ಲದರ ನಡುವೆ ಬಡವರ ಅನ್ನದ ವಿಚಾರವೂ ಅದೇ ಕಟ್ಟೆಯ ಮೇಲೆ ತೀರ್ಮಾನವಾಗುತ್ತಿತ್ತು. ಇಂದು ಕಲಬುರಗಿಯಲ್ಲಿ ‘ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ’ ಎಂಬ ಫಲಕ ಕಾಣುತ್ತೀರಲ್ಲ, ಆ ‘ಸೆಷನ್ಸ್’ ಎಂಬ ಮಾತು ಬಂದದ್ದು ಅಲ್ಲಿಂದಲೇ.

1795ರಲ್ಲಿ ಬ್ರೆಡ್ಡಿನ ಬೆಲೆ ವಿಪರೀತ ಏರಿತು. ಬರ್ಕ್‌ಷೈರಿನ ನ್ಯಾಯಾಧಿಕಾರಿಗಳು ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿ ಕೂಡಿ ಒಂದು ಲೆಕ್ಕ ಹಾಕಿದರು. ಗೊತ್ತಾದ ತೂಕದ ಬ್ರೆಡ್ಡಿನ ಬೆಲೆ ಇಷ್ಟಾದರೆ ಕೂಲಿಯವನ ಕೈಗೆ ವಾರಕ್ಕೆ ಇಷ್ಟು ಸೇರಬೇಕು, ಹೆಂಡತಿ ಮತ್ತು ಪ್ರತಿ ಮಗುವಿಗೆ ಇಷ್ಟು. ಕೂಲಿ ಅದಕ್ಕಿಂತ ಕಡಿಮೆಯಾದರೆ ಉಳಿದದ್ದನ್ನು ಊರಿನ ತೆರಿಗೆ ತುಂಬಬೇಕು. ಹಸಿವನ್ನು ಧಾನ್ಯದ ಬೆಲೆಗೆ ಕಟ್ಟಿ ಅಳೆದ ಲೆಕ್ಕ ಇದು. ಕೊರತೆಯನ್ನು ಊರು ತುಂಬುತ್ತದೆಂದು ರೈತರು ಕೂಲಿಯನ್ನೇ ಇಳಿಸಿದರು ಎಂಬ ಟೀಕೆ ಆಮೇಲೆ ಬಂತು. ಆ ಟೀಕೆ ಎಷ್ಟು ಸರಿ ಎಂದು ಅರ್ಥಶಾಸ್ತ್ರಜ್ಞರು ಇಂದಿಗೂ ವಾದಿಸುತ್ತಾರೆ.

ನೀನು ಯಾವ ಊರಿನವಳು?

ಹಾಗಾದರೆ ಅಲ್ಲಿ ಎಲ್ಲವೂ ಚೆನ್ನಾಗಿತ್ತೇ? ಖಂಡಿತ ಇಲ್ಲ, ಮಿತ್ರರೇ. ನಾಣ್ಯದ ಇನ್ನೊಂದು ಮುಖ ನೋಡಿ.

ಪ್ರತಿ ಊರೂ ‘ತನ್ನ’ ಬಡವರನ್ನು ನೋಡಿಕೊಳ್ಳಬೇಕು ಎಂದ ಕೂಡಲೇ, ‘ತನ್ನವರು ಯಾರು?’ ಎಂಬ ಪ್ರಶ್ನೆ ಎದ್ದಿತು. 1662ರ ಕಾಯ್ದೆ ಅದಕ್ಕೆ ಉತ್ತರ ಬರೆಯಿತು. ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಯ ಮನೆ ಹಿಡಿಯಲಾರದ ಹೊಸಬ ಊರಿಗೆ ಬಂದರೆ, ನಾಳೆ ಇವನು ನಮಗೆ ಭಾರವಾಗಬಹುದು ಎಂದು ಊರವರು ನಲವತ್ತು ದಿನದೊಳಗೆ ದೂರಬಹುದು. ಇಬ್ಬರು ನ್ಯಾಯಾಧಿಕಾರಿಗಳ ಆಜ್ಞೆಯ ಮೇಲೆ ಅವನನ್ನು ಅವನ ‘ಸ್ವಂತ’ ಊರಿಗೆ ಹಿಂದಕ್ಕೆ ಅಟ್ಟಬಹುದು. ಹುಟ್ಟು, ಮದುವೆ, ಒಂದು ವರ್ಷದ ಜೀತ, ಕಸುಬು ಕಲಿಯಲು ಇದ್ದ ಕಾಲ, ಇವುಗಳಿಂದ ‘ಸ್ವಂತ ಊರು’ ನಿರ್ಧಾರವಾಗುತ್ತಿತ್ತು. ಹೆಣ್ಣುಮಗಳಿಗೆ ಗಂಡನ ಊರೇ ಊರು. ಮದುವೆಯಾಗದ ಬಸುರಿಯನ್ನು ಹೆರಿಗೆಗೆ ಮುಂಚೆ ಗಾಡಿಯಲ್ಲಿ ಕೂರಿಸಿ ಪಕ್ಕದ ಊರಿನ ಗಡಿಗೆ ದಾಟಿಸಿದ ಪ್ರಸಂಗಗಳಿವೆ. ಏಕೆಂದರೆ ಅಂಥ ಮಗು ಹುಟ್ಟಿದ ಊರೇ ಅದನ್ನು ಸಾಕಬೇಕಿತ್ತು. ಇನ್ನೂ ಭಾರವಾಗದವರನ್ನು ಬರೀ ಅನುಮಾನದ ಮೇಲೆ ಅಟ್ಟುವುದು ನಿಂತದ್ದು 1795ರಲ್ಲಿ.

ಇನ್ನೊಂದು ಸಂಗತಿ. 1697ರ ಕಾಯ್ದೆಯಂತೆ ನೆರವು ಪಡೆಯುವವರು ಬಲಭುಜದ ಮೇಲೆ ಬಟ್ಟೆಯ ಬಿಲ್ಲೆ ಹೊಲಿಸಿಕೊಳ್ಳಬೇಕಿತ್ತು. ‘ಪಾಪರ್’, ಎಂದರೆ ನಿರ್ಗತಿಕ, ಎಂಬ ಪದದ ಮೊದಲ ಅಕ್ಷರ ಮತ್ತು ಊರಿನ ಹೆಸರಿನ ಮೊದಲ ಅಕ್ಷರ ಅದರ ಮೇಲೆ. ಈ ಪದ್ಧತಿ ರದ್ದಾದದ್ದು 1810ರಲ್ಲಿ. ಅನ್ನ ಕೊಟ್ಟ ಕೈಯೇ ಮೈಮೇಲೆ ಗುರುತನ್ನೂ ಹೊಲಿಯಿತು.

ಇಷ್ಟಾಗಿ ಆ ನ್ಯಾಯಾಧಿಕಾರಿಗಳು ಯಾರು? ಆ ಸುತ್ತಿನ ಜಮೀನುದಾರರೇ. ತೆರಿಗೆ ಕೊಡುವವರೂ ಅವರ ಬಳಗ, ತೀರ್ಪು ಹೇಳುವವರೂ ಅವರ ಬಳಗ. ಇನ್ನೊಂದು ಬಾಗಿಲು ಇದ್ದದ್ದು ನಿಜ. ಆದರೆ ಅದರ ಕೀಲಿಕೈ ಉಳ್ಳವರ ಬಳಿಯಲ್ಲಿತ್ತು. 1834ರಲ್ಲಿ ಹೊಸ ಕಾಯ್ದೆ ಬಂದು, ನೆರವು ಬೇಕಾದವರು ದುಡಿತದ ಮನೆಗಳ ಕಠಿಣ ವಾಸಕ್ಕೆ ಬರಲಿ ಎಂಬ ನೀತಿ ಬಲವಾಯಿತು. ಆ ಹಳೆಯ ವ್ಯವಸ್ಥೆಯನ್ನು ಇಂಗ್ಲೆಂಡ್ ಪೂರ್ತಿಯಾಗಿ ಕೈಬಿಟ್ಟದ್ದು 1948ರಲ್ಲಿ.

ಈಗ ನನ್ನ ಆಯಿಯ ಕಥೆ ನೆನಪು ಮಾಡಿಕೊಳ್ಳಿ. “ನೀ ಊರು ಬಿಟ್ಟು ಹೋಗೀದಿ ಅಂತ ಬರದದ.” ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಬಡವಿಯನ್ನು ಕೇಳಿದ ಪ್ರಶ್ನೆಯನ್ನೇ ಪುಣೆಯಿಂದ ತಿರುಗಿ ಬಂದ ನಮ್ಮ ಮುದುಕಿಯನ್ನೂ ಕೇಳಿದ್ದರು. ಶರಣಬಸವೇಶ್ವರರ ದಾಸೋಹದಲ್ಲಿ ಮಾತ್ರ ಆ ಪ್ರಶ್ನೆ ಇರಲಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ದಾಸೋಹದಲ್ಲಿ ಮರ್ಯಾದೆಯಿತ್ತು, ಮೇಲ್ಮನವಿಗೆ ಎಡೆಯಿರಲಿಲ್ಲ. ಇಂಗ್ಲೆಂಡಿನ ಕಾಯ್ದೆಯಲ್ಲಿ ಮೇಲ್ಮನವಿಯಿತ್ತು, ಮರ್ಯಾದೆಯಿರಲಿಲ್ಲ. ಎರಡೂ ಒಂದೇ ತಟ್ಟೆಯಲ್ಲಿ ಸಿಗುವಂತೆ ಮಾಡಲು ಸಾಧ್ಯವೇ?

ತಟ್ಟೆಯಲ್ಲಿನ ಹಕ್ಕು

ನಿಮ್ಮಲ್ಲಿ ಹೆಚ್ಚಿನವರು ಅಂಥ ತಟ್ಟೆಯಲ್ಲಿ ಉಂಡವರೇ. ಅದರ ಹೆಸರು ‘ಅಕ್ಷರ ದಾಸೋಹ’.

2001ರಲ್ಲಿ ದೇಶದ ಉಗ್ರಾಣಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು. ಹಳ್ಳಿಗಳಲ್ಲಿ ಬರವಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ನಾಗರಿಕ ಸ್ವಾತಂತ್ರ್ಯಗಳ ಸಂಘಟನೆಯಾದ ಪಿ.ಯು.ಸಿ.ಎಲ್. ಸುಪ್ರೀಂ ಕೋರ್ಟಿನ ಮೊರೆ ಹೋಯಿತು. ಸಂವಿಧಾನದ 21ನೆಯ ವಿಧಿ ಕೊಡುವ ಬದುಕುವ ಹಕ್ಕಿನಲ್ಲಿ ಅನ್ನದ ಹಕ್ಕೂ ಸೇರಿದೆ ಎಂಬುದು ಅದರ ವಾದ. 2001ರ ನವೆಂಬರ್ 28ರಂದು ನ್ಯಾಯಾಲಯ ಮಧ್ಯಂತರ ಆದೇಶ ನೀಡಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು, ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು.

ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಆ ಆದೇಶದಲ್ಲಿ ಬಹಳ ಹಿಡಿಸಿದ್ದು ಅದರ ಅಂಕಿಗಳು. ಕರುಣೆಯನ್ನು ಅಳೆಯಲು ಬರುವುದಿಲ್ಲ. ಹಕ್ಕನ್ನು ಅಳೆಯಲು ಬರಲೇಬೇಕು. ಎಷ್ಟು, ಯಾರಿಗೆ, ಎಷ್ಟು ದಿನ ಎಂದು ಬರೆದಾಗ ಮಾತ್ರ ‘ಇಷ್ಟು ಕಡಿಮೆ ಬಂದಿದೆ’ ಎಂದು ಹೇಳಲು ಸಾಧ್ಯ.

ಕರ್ನಾಟಕದಲ್ಲಿ ಈ ಬಿಸಿಯೂಟ ಮೊದಲು ಆರಂಭವಾದದ್ದು 2002ರ ಜೂನ್‌ನಲ್ಲಿ, ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ. ಅವುಗಳಲ್ಲಿ ನಮ್ಮ ಕಲಬುರಗಿಯೂ ಒಂದು. ಜಿಲ್ಲೆಯ ಹೆಸರು ಆಗ ಗುಲಬರ್ಗಾ. ಯೋಜನೆಗೆ ಇಟ್ಟ ಹೆಸರು ಶರಣರ ನಾಡಿನದೇ. ದೆಹಲಿಯ ನ್ಯಾಯಾಲಯದ ಆಜ್ಞೆ ಮತ್ತು ಕಲ್ಯಾಣದ ದಾಸೋಹ ಒಂದೇ ಪಾತ್ರೆಯಲ್ಲಿ ಬೆಂದವು. ಈ ಊಟಕ್ಕೆ ಯಾವ ಮಗುವೂ ಭುಜದ ಮೇಲೆ ಬಿಲ್ಲೆ ಹೊಲಿಸಿಕೊಳ್ಳಬೇಕಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ಕೂಡುತ್ತಾರೆ. ಹಾಗೆ ಕೂಡಿಸದ ಕಡೆ ದೂರಲೂ ಬಹುದು.

ನಮ್ಮ ಸುತ್ತಲಿನ ಬಾಗಿಲುಗಳು

ಇಂಥ ಬಾಗಿಲುಗಳು ಇಂದು ನಮ್ಮ ಸುತ್ತ ಹಲವಿವೆ. ಕೆಲವನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು, ಕೆಲಸದ ಹಕ್ಕು. ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ 2005ರಲ್ಲಿ ಆಯಿತು. 2006ರ ಫೆಬ್ರುವರಿ 2ರಂದು ಅದು ದೇಶದ 200 ಜಿಲ್ಲೆಗಳಲ್ಲಿ ಜಾರಿಗೆ ಬಂದಾಗ ನಮ್ಮ ಜಿಲ್ಲೆ ಆ ಮೊದಲ ಸಾಲಿನಲ್ಲಿತ್ತು. ಕುಟುಂಬಕ್ಕೆ ವರ್ಷದಲ್ಲಿ 100 ದಿನದ ಕೆಲಸ, ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ. ಅರ್ಜಿ ಕೊಟ್ಟವರಿಗೆ ತಾರೀಖು ಹಾಕಿದ ರಸೀದಿ ಕೊಡಬೇಕು ಎಂದೂ ಅದರಲ್ಲಿ ಬರೆದಿತ್ತು. ನೋಡಿದಿರಾ, ನಮ್ಮ ಮಾಸ್ತರರ ಸಿಕ್ಕಾ! ಆ ರಸೀದಿಯಿಲ್ಲದೆ ಹದಿನೈದು ದಿನದ ಎಣಿಕೆ ಎಲ್ಲಿಂದ ಶುರುವಾಗಬೇಕು? 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆಯೊಂದನ್ನು ಅಂಗೀಕರಿಸಿತು. ಅದರಲ್ಲಿ ಹೇಳಿದ ದಿನಗಳು 125. ಕಾಯ್ದೆಗಳು ಬದಲಾಗಬಹುದು. ರಸೀದಿ ಕೇಳುವ ಅಭ್ಯಾಸ ಬದಲಾಗಬಾರದು.

ಎರಡನೆಯದು, ‘ಸಕಾಲ’. ಇಷ್ಟು ದಿನದೊಳಗೆ ಈ ಸೇವೆ ಕೊಡಬೇಕು, ತಡವಾದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು ಎಂದು ಹೇಳುವ ಕರ್ನಾಟಕದ 2011ರ ಕಾಯ್ದೆ ಇದು. 2012ರ ಮಾರ್ಚ್‌ನಲ್ಲಿ ಇದನ್ನು ಮೊದಲು ಪ್ರಯೋಗಿಸಿದ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ನೆರೆಯ ಬೀದರ್ ಜಿಲ್ಲೆಯ ಔರಾದ್ ಒಂದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರರಿಗೆ ಪರಿಹಾರ. ಮೊತ್ತ ಸಣ್ಣದು. ಆದರೆ ‘ನಾಳೆ ಬಾ’ ಎಂಬ ಮಾತಿಗೆ ಬೆಲೆ ಕಟ್ಟಿದ ಕಾಯ್ದೆ ಅದು. ನನ್ನ ಆಯಿಯ ಕಾಲದಲ್ಲಿ ಆ ‘ನಾಳೆ’ ಬಿಟ್ಟಿಯಾಗಿತ್ತು.

ಮೂರನೆಯದು, ಮುಪ್ಪಿನ ಪೋಷಣೆ. ಶಕ್ತಿಯಿದ್ದ ಮಕ್ಕಳು ತಂದೆತಾಯಿಯನ್ನು ಸಾಕಬೇಕು ಎಂದು ಇಂಗ್ಲೆಂಡಿನ 1601ರ ಕಾಯ್ದೆಯೂ ಹೇಳಿತ್ತು. ನಮ್ಮಲ್ಲಿ 2007ರ ಕಾಯ್ದೆಯ ಪ್ರಕಾರ ಮಕ್ಕಳು ಕೈಬಿಟ್ಟ ಹಿರಿಯರು ಉಪವಿಭಾಗದ ಸಹಾಯಕ ಆಯುಕ್ತರ ಮುಂದೆ ಅರ್ಜಿ ಕೊಡಬಹುದು. ಕಾಯ್ದೆ ಆದಾಗ ಜೀವನಾಂಶದ ಮಿತಿಯನ್ನು ತಿಂಗಳಿಗೆ 10,000 ರೂಪಾಯಿ ಎಂದು ಗೊತ್ತುಮಾಡಲಾಯಿತು.

ನಾಲ್ಕನೆಯದು, ‘ಯಾವ ಊರು?’ ಎಂಬ ಹಳೆಯ ಪ್ರಶ್ನೆಗೆ ಸಿಕ್ಕ ಉತ್ತರ. 2013ರ ಆಹಾರ ಭದ್ರತಾ ಕಾಯ್ದೆ ಧಾನ್ಯವನ್ನು ಹಕ್ಕಾಗಿ ಮಾಡಿತು. ಸಿಗದಿದ್ದರೆ ಭತ್ಯೆ ಕೊಡಬೇಕೆಂದಿತು. 2020ರ ಜನವರಿಯಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರ ಸೇರಿದಂತೆ ಹನ್ನೆರಡು ರಾಜ್ಯಗಳ ನಡುವೆ ಪಡಿತರ ಚೀಟಿಯ ಗಡಿ ಅಳಿಯಿತು. ಕಮಲಾಪುರದ ಚೀಟಿಯ ಕೇಂದ್ರ ಪಾಲಿನ ಧಾನ್ಯವನ್ನು ಪುಣೆಯಲ್ಲೂ ಪಡೆಯಬಹುದು ಎಂದಾಯಿತು. ದುಡಿಯಲು ಊರು ಬಿಟ್ಟವರು ಅನ್ನದ ಹಕ್ಕನ್ನೂ ಬಿಟ್ಟಂತಲ್ಲ ಎಂಬುದನ್ನು ಒಪ್ಪಲು ನಾವು ಇಷ್ಟು ವರ್ಷ ತೆಗೆದುಕೊಂಡೆವು.

ಐದನೆಯದು, ಬಾಗಿಲಿನ ತನಕ ಕೈಹಿಡಿದು ಕರೆದೊಯ್ಯುವವರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕಡಿಮೆ ಆದಾಯದವರು, ಇವರಿಗೆಲ್ಲ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಧೀಶರೇ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು. ದೂರವಾಣಿಯಲ್ಲಿ ಕೇಳುವುದಾದರೆ 15100.

ಬಾಗಿಲು ಇದ್ದರೆ ಸಾಲದು, ಹತ್ತಿರವೂ ಇರಬೇಕು. ಕಲಬುರಗಿಯವರು ಹೈಕೋರ್ಟಿಗೆ ಹೋಗಬೇಕಾದರೆ ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬೆಂಗಳೂರಿಗೆ ಹೋಗಬೇಕಾದ ಕಾಲವಿತ್ತು. 2008ರ ಜುಲೈನಲ್ಲಿ ಇಲ್ಲಿ ಸಂಚಾರಿ ಪೀಠ ಬಂತು, 2013ರ ಆಗಸ್ಟ್‌ನಲ್ಲಿ ಅದು ಕಾಯಂ ಪೀಠವಾಯಿತು. ದೂರವೂ ಒಂದು ಬಗೆಯ ನಿರಾಕರಣೆಯೇ ಎಂಬುದು ಬಡವರಿಗೆ ಎಂದೋ ಗೊತ್ತಿತ್ತು.

ಆಯಿಗೆ ಕೊಡಬೇಕಾದ ಉತ್ತರ

ಹಾಗಾದರೆ ಎಲ್ಲವೂ ಸರಿಹೋಯಿತೇ ಎಂದು ನೀವು ಕೇಳಬಹುದು. ಇಲ್ಲ. ಬೆರಳಚ್ಚು ಹೊಂದದೆ ಪಡಿತರ ತಪ್ಪಿದವರನ್ನು, ಬ್ಯಾಂಕ್ ಖಾತೆಯಲ್ಲಿ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾಗಿ ಪಗಾರ ನಿಂತವರನ್ನು ಇಂದಿಗೂ ಹಳ್ಳಿಗಳಲ್ಲಿ ಕಾಣುತ್ತೇನೆ. ಕಾಗದದ ಮೇಲಿನ ಹಕ್ಕು ತಾನಾಗಿ ನಡೆದು ಮನೆಗೆ ಬರುವುದಿಲ್ಲ. ಅದನ್ನು ಕರೆತರಲು ಓದುಬರಹ ಬಲ್ಲ ಒಬ್ಬರು ಬೇಕು. ಅಂದು ಆ ಮಾಸ್ತರರಿದ್ದರು. ಇಂದು ಆ ಜಾಗದಲ್ಲಿ ನೀವಿದ್ದೀರಿ.

ಪ್ರಯೋಗಾಲಯದಲ್ಲಿ ನಮ್ಮ ಗುರುಗಳು ಒಂದು ಮಾತು ಹೇಳುತ್ತಿದ್ದರು: ದಾಖಲೆ ಪುಸ್ತಕದಲ್ಲಿ ಬರೆಯದ ಪ್ರಯೋಗ ನಡೆದೇ ಇಲ್ಲ ಎಂದು ತಿಳಿಯಿರಿ. ಬಡವರ ಹಕ್ಕಿಗೂ ಈ ಮಾತು ಒಪ್ಪುತ್ತದೆ. ಆದ್ದರಿಂದ ನಿಮಗೊಂದು ಕೆಲಸ ಕೊಡುತ್ತೇನೆ. ನಿಮ್ಮ ಓಣಿಯಲ್ಲಿ ಪಗಾರ ನಿಂತ ಒಬ್ಬ ಹಿರಿಯರಿದ್ದಾರೆಯೇ, ವಿಚಾರಿಸಿ. ಅವರೊಡನೆ ನಾಡಕಚೇರಿಗೆ ಹೋಗಿ. ಅರ್ಜಿ ಎರಡು ಪ್ರತಿ ಬರೆಯಿರಿ. ತಾರೀಖು ಹಾಕಿದ ಸ್ವೀಕೃತಿ ಪಡೆಯಿರಿ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯಲ್ಲಿ ‘ಜಮಾಬಂದಿ’ ನಡೆಯುತ್ತದೆ, ಪಂಚಾಯಿತಿಯ ಲೆಕ್ಕ ಜನರ ಮುಂದೆ ತೆರೆದುಕೊಳ್ಳುವ ದಿನ ಅದು. ಅಂದು ಹೋಗಿ ಕುಳಿತು ಕೇಳಿ. ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದುವಾಗ ಯಾರ ಹೆಸರು ಬಂತು ಎಂಬುದರ ಜೊತೆಗೆ ಯಾರ ಹೆಸರು ಬರಲಿಲ್ಲ ಎಂಬುದನ್ನೂ ಗಮನಿಸಿ.

ಇನ್ನೊಂದು ಮಾತು. ಹೋಗುವಾಗ ದಾಸೋಹದ ಗುಣವನ್ನೂ ಜೊತೆಗೆ ಒಯ್ಯಿರಿ. ಆ ಹಿರಿಯರನ್ನು ನಿಮ್ಮ ಉಪಕಾರದ ಬಿಲ್ಲೆ ಹೊತ್ತವರಂತೆ ನಡೆಸಿಕೊಳ್ಳಬೇಡಿ. ಅವರು ಕೇಳುತ್ತಿರುವುದು ಬಹಳ ವರ್ಷ ದುಡಿದ ಮೇಲೆ ಬರಬೇಕಾದದ್ದನ್ನು.

ನನ್ನ ಆಯಿ ಈಗಿಲ್ಲ. ಆ ಹಾಳೆ ನನ್ನ ಬಳಿ ಇದೆ. ಮಡಿಕೆಗಳಲ್ಲಿ ಹರಿದಿದೆ, ಸಿಕ್ಕಾದ ಬಣ್ಣ ಮಾಸಿದೆ, ತಾರೀಖು ಮಾತ್ರ ಓದಲು ಬರುತ್ತದೆ. ಅಂದು ಅವಳು ಕೇಳಿದ ಪ್ರಶ್ನೆಗೆ ಇಂದು ಉತ್ತರ ಹೇಳಬಲ್ಲೆ: “ಪುಣ್ಯಾಕ್ಕ ಅಲ್ಲ ಆಯೀ, ನಿಂದೇ ಅದ.” ನಿಮ್ಮ ಮನೆಯ, ನಿಮ್ಮ ಓಣಿಯ ಆಯಿಯರಿಗೆ ಈ ಉತ್ತರವನ್ನು ಅವರು ಇರುವಾಗಲೇ ಹೇಳಿ.